ಐದು ಬೆರಳು, ಎಂಟು ಸ್ವರ

ಬಲಗೈಯನ್ನು ಕೀಲಿಮಣೆಯ ಮೇಲಿಡಿ. ಹೆಬ್ಬೆರಳಿಗೆ ಸ, ತೋರುಬೆರಳಿಗೆ ರಿ, ನಡುಬೆರಳಿಗೆ ಗ, ಉಂಗುರದ ಬೆರಳಿಗೆ ಮ, ಕಿರುಬೆರಳಿಗೆ ಪ. ಅಲ್ಲಿಗೆ ಬೆರಳು ಮುಗಿದವು, ಸ್ವರ ಮುಗಿಯಲಿಲ್ಲ. ದ, ನಿ, ಮೇಲಿನ ಸ ಇನ್ನೂ ಬಾಕಿ ಇವೆ. ಐದು ಬೆರಳಲ್ಲಿ ಎಂಟು ಸ್ವರಗಳನ್ನು ನಡುವೆ ಎಲ್ಲೂ ಕಡಿಯದಂತೆ ನುಡಿಸುವುದು ಹೇಗೆ? ಪಿಯಾನೊ ಕಲಿಯಲು ಕುಳಿತ ಪ್ರತಿಯೊಬ್ಬರಿಗೂ ಮೊದಲ ವಾರದಲ್ಲೇ ಎದುರಾಗುವ ಪ್ರಶ್ನೆ ಇದು.

ಉತ್ತರ ಗೊತ್ತಿರುವುದೇ. ಸ, ರಿ, ಗ ಆದ ಕೂಡಲೇ ಹೆಬ್ಬೆರಳು ಅಂಗೈಯ ಕೆಳಗೆ ನುಸುಳಿ ಮ ಹಿಡಿಯಬೇಕು. ಆಗ ಉಳಿದ ನಾಲ್ಕು ಬೆರಳಿಗೆ ಪ, ದ, ನಿ, ಸ ಸರಿಯಾಗಿ ಹಂಚಿಕೆಯಾಗುತ್ತವೆ. ಹೇಳಲು ಎರಡು ವಾಕ್ಯ ಸಾಕು. ಕೈಗೆ ಬರಲು ತಿಂಗಳುಗಳೇ ಬೇಕು. ಆ ತಿಂಗಳುಗಳಲ್ಲಿ ಕೈಯೊಳಗೆ, ಕಿವಿಯೊಳಗೆ, ಮಿದುಳೊಳಗೆ ನಡೆಯುವುದೇನು? ಅದು ತಿಳಿದರೆ ಮನೆಯಲ್ಲಿ ಸ್ಕೇಲ್ ಅಭ್ಯಾಸ ಮಾಡುವ ಕ್ರಮವೇ ಬದಲಾಗುತ್ತದೆ. ಗಂಟೆಗಟ್ಟಲೆ ಬೆರಳು ದುಡಿಸುವುದರಿಂದ ಕೈ ಪಳಗುತ್ತದೆ ಎಂಬ ನಂಬಿಕೆ ಎಷ್ಟು ಹಳೆಯದೋ ಅಷ್ಟೇ ಅರ್ಧಸತ್ಯ. ಚಿಕ್ಕ ಅವಧಿ, ಪೂರ್ತಿ ಗಮನ, ನಡುವೆ ಬಿಡುವು, ರಾತ್ರಿ ಒಳ್ಳೆಯ ನಿದ್ದೆ: ಇವಿಷ್ಟಿದ್ದರೆ ಎಂಥ ಗದ್ದಲದ ಬೀದಿಯ ಮನೆಯಲ್ಲೂ ಸ್ಕೇಲ್ ಕಲಿಯಬಹುದು ಎಂಬುದು ಈ ಅಧ್ಯಾಯದ ಮಾತು.

ಬಜಾರಿನ ಮೇಲಿನ ಮನೆ

ಗದ್ದಲದ ಬೀದಿಯೆಂದರೆ ಹೈದರಾಬಾದಿನ ಸುಲ್ತಾನ್ ಬಜಾರನ್ನೇ ತೆಗೆದುಕೊಳ್ಳೋಣ. ಬ್ರಿಟಿಷ್ ರೆಸಿಡೆನ್ಸಿಯ ಪಕ್ಕದಲ್ಲಿ ಬೆಳೆದ ಈ ಪೇಟೆಗೆ ಮೊದಲಿದ್ದ ಹೆಸರು ರೆಸಿಡೆನ್ಸಿ ಬಜಾರ್. 1933ರಲ್ಲಿ ನಿಜಾಮರ ಆಡಳಿತಕ್ಕೆ ಮರಳಿದಾಗ ಸುಲ್ತಾನ್ ಬಜಾರ್ ಆಯಿತು. ರೆಸಿಡೆನ್ಸಿಯ ಕಂಬಸಾಲಿನ ಕಟ್ಟಡ ಮುಂದೆ ಕೋಠಿ ಮಹಿಳಾ ಕಾಲೇಜಾಯಿತು. ಬಜಾರು ಮಾತ್ರ ಬಜಾರಾಗಿಯೇ ಉಳಿದಿದೆ. ಸೀರೆ, ಬಳೆ, ಚಪ್ಪಲಿ, ಪಾತ್ರೆಗಳ ಅಂಗಡಿ, ತಳ್ಳುಗಾಡಿ, ಆಟೊ, ಚೌಕಾಶಿಯ ಕೂಗು. 2020ರ ಫೆಬ್ರವರಿಯಿಂದ ಮೇಲೆ ಮೆಟ್ರೊ ರೈಲೂ ಓಡುತ್ತಿದೆ.

ಬೀದರ, ಕಲಬುರಗಿ, ರಾಯಚೂರು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಕಚೇರಿ, ಕೋರ್ಟು, ಕಾಲೇಜು ಎಲ್ಲಕ್ಕೂ ಕನ್ನಡಿಗರು ಇದೇ ರಾಜಧಾನಿಗೆ ಬರಬೇಕಿತ್ತು. ಬಂದವರಲ್ಲಿ ಅನೇಕರು ನೆಲೆಸಿದರು. ಸುಲ್ತಾನ್ ಬಜಾರಿಗೆ ಹತ್ತಿರದ ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವೂ ನೃಪತುಂಗ ಶಾಲೆಯೂ ಹುಟ್ಟಿದ್ದು ಈ ವಲಸೆಯಿಂದ. ಹೀಗೆ ನೆಲೆಸಿದವರ ಮನೆಗಳಿಗೆ ಎರಡೂ ಸಂಗೀತ ಬಂದವು: ಕಲಬುರಗಿ ಕಡೆಯಿಂದ ಹಿಂದೂಸ್ತಾನಿಯ ಪಲ್ಟಾ, ದಕ್ಷಿಣದ ಕಡೆಯಿಂದ ಕರ್ನಾಟಕ ಸಂಗೀತದ ಸರಳೆ ವರಸೆ. ಭಜನೆಯ ಹಾರ್ಮೋನಿಯಂ ಎರಡಕ್ಕೂ ಸಾಮಾನ್ಯ. ಆದ್ದರಿಂದ ಬಿಳಿ ಕೀ, ಕಪ್ಪು ಕೀ ಈ ಮನೆಗಳಿಗೆ ಹೊಸತಲ್ಲ. ಹೊಸತಾಗಿರುವುದು ಎರಡೂ ಕೈಯಿಂದ ನುಡಿಸಬೇಕೆಂಬ ಒತ್ತಾಯ. ಹಾರ್ಮೋನಿಯಂನಲ್ಲಿ ಎಡಗೈ ತಿದಿ ಒತ್ತುತ್ತದೆ, ಪಿಯಾನೊದಲ್ಲಿ ಎಡಗೈಗೂ ಸ್ವರವಿದೆ.

ಇಂಥ ಮನೆಗೆ 88 ಕೀಗಳ ಪಿಯಾನೊ ಹತ್ತಿಸುವುದು ಕಷ್ಟ. ಬರುವುದು 61 ಕೀಗಳ ಎಲೆಕ್ಟ್ರಾನಿಕ್ ಕೀಬೋರ್ಡು, ಅಂದರೆ ಐದು ಸಪ್ತಕ. ಸ್ಕೇಲ್ ಕಲಿಕೆಗೆ ಅಷ್ಟು ಧಾರಾಳವಾಗಿ ಸಾಕು.

ಹನ್ನೆರಡು ಕೀಗಳ ಲೆಕ್ಕ

ಸ್ಕೇಲ್ ಎಂಬ ಏಣಿ ಹತ್ತುವ ಮೊದಲು ಅದರ ಮೆಟ್ಟಿಲುಗಳ ಅಳತೆ ನೋಡಬೇಕು. ಒಂದು ಸ್ವರದ ಕಂಪನಸಂಖ್ಯೆ ಎರಡರಷ್ಟಾದರೆ ಮೇಲಿನ ಸಪ್ತಕದ ಅದೇ ಸ್ವರ ಬರುತ್ತದೆ. ಪಿಯಾನೊದ ಮಧ್ಯದ ಸಿ ಸೆಕೆಂಡಿಗೆ ಸುಮಾರು 261.6 ಸಲ ಕಂಪಿಸಿದರೆ ಮುಂದಿನ ಸಿ 523.3 ಸಲ. ಈ ನಡುವಿನ ಅಂತರವನ್ನು ಪಿಯಾನೊ 12 ಸಮ ಹೆಜ್ಜೆಗಳಾಗಿ ಒಡೆಯುತ್ತದೆ. ಸಮವೆಂದರೆ ಕೂಡುವ ಲೆಕ್ಕದಲ್ಲಿ ಅಲ್ಲ, ಗುಣಿಸುವ ಲೆಕ್ಕದಲ್ಲಿ: ಪ್ರತಿ ಹೆಜ್ಜೆಗೂ ಕಂಪನಸಂಖ್ಯೆ 1.0595 ಪಟ್ಟಾಗುತ್ತದೆ. ಹೀಗೆ 12 ಸಲ ಗುಣಿಸಿದರೆ 2.

ಈ ಸಮಪಾಲು ನಿಸರ್ಗದ ಪಾಲಲ್ಲ. ತಂಬೂರಿಯ ತಂತಿ ಮೀಟಿದಾಗ ಷಡ್ಜದೊಳಗಿಂದಲೇ ಅಂತರ ಗಾಂಧಾರ ಮೆಲ್ಲಗೆ ಕೇಳಿಬರುತ್ತದಲ್ಲ, ಅದು ಸ ಸ್ವರದ 1.25 ಪಟ್ಟು. ಪಿಯಾನೊದ ಗಾಂಧಾರ 1.26 ಪಟ್ಟು, ಕೂದಲೆಳೆಯಷ್ಟು ಏರಿರುತ್ತದೆ. ಪಂಚಮದ ಸಹಜ ಪಾಲು 1.5, ಪಿಯಾನೊದಲ್ಲಿ 1.4983. ಈ ರಾಜಿ ಏಕೆ ಬೇಕಾಯಿತೆಂದರೆ ಸಹಜ ಪಂಚಮವನ್ನು ಪೇರಿಸುತ್ತ ಹೋದರೆ ಲೆಕ್ಕ ಮುಚ್ಚುವುದಿಲ್ಲ. 1.5ನ್ನು 12 ಸಲ ಗುಣಿಸಿದರೆ 129.75, ಏಳು ಸಪ್ತಕ ಏರಿದರೆ 128. ಎರಡೂ ಒಂದೇ ಕೀಯಲ್ಲಿ ಬಂದು ಸೇರಬೇಕು, ಸೇರುವುದಿಲ್ಲ. ಆ ಉಳಿಕೆಯನ್ನು ಹನ್ನೆರಡೂ ಸ್ವರಗಳಿಗೆ ಚೂರುಚೂರಾಗಿ ಹಂಚಿಬಿಟ್ಟರೆ ಯಾವ ಕೀಯಿಂದ ಹೊರಟರೂ ಸ್ಕೇಲ್ ಒಂದೇ ರೀತಿ ಕೇಳುತ್ತದೆ. ತಂಬೂರಿ ಶ್ರುತಿಯಲ್ಲಿ ಬೆಳೆದ ಕಿವಿಗೆ ಪಿಯಾನೊದ ಗಾಂಧಾರ ಚೂರು ಗಡುಸಾಗಿ ಕೇಳಿದರೆ ಅದು ಕಿವಿಯ ತಪ್ಪಲ್ಲ. ಕಿವಿ ಸರಿಯಾಗಿಯೇ ಕೇಳುತ್ತಿದೆ.

ಎರಡು ಸಂಗೀತಗಳ ದಾರಿ ಬೇರಾಗುವುದು ಇಲ್ಲಿಯೇ. ನಮ್ಮಲ್ಲಿ ಷಡ್ಜ ಕದಲದು, ಅದರ ಮೇಲೆ ಸ್ವರಗಳ ಆಯ್ಕೆ ಬದಲಾಗುತ್ತದೆ. ವೆಂಕಟಮಖಿ 17ನೆಯ ಶತಮಾನದಲ್ಲಿ ಲೆಕ್ಕಹಾಕಿದಂತೆ ಒಂದೇ ಷಡ್ಜದ ಮೇಲೆ 72 ಮೇಳ. ಪಶ್ಚಿಮದಲ್ಲಿ ಮೇಜರ್, ಮೈನರ್ ಎಂಬ ಒಂದೆರಡು ವಿನ್ಯಾಸಗಳೇ 12 ಷಡ್ಜಗಳ ಮೇಲೆ ಸಂಚರಿಸುತ್ತವೆ. ಮೇಜರ್ ಸ್ಕೇಲ್ ಎಂದರೆ ನಮ್ಮ ಶಂಕರಾಭರಣದ ಸ್ವರಗಳು, ಹಿಂದೂಸ್ತಾನಿಯ ಬಿಲಾವಲ್ ಥಾಟು: 2, 2, 1, 2, 2, 2, 1 ಹೆಜ್ಜೆಗಳ ಏಣಿ. ಕಿವಿಗೆ ಹನ್ನೆರಡೂ ಒಂದೇ. ಕೈಗೆ ಹನ್ನೆರಡೂ ಬೇರೆ ಬೇರೆ, ಏಕೆಂದರೆ ಹೊರಡುವ ಕೀ ಬದಲಾದಂತೆ ಕಪ್ಪು ಬಿಳಿಗಳ ಜಾಗ ಬದಲಾಗುತ್ತದೆ. ಪಿಯಾನೊ ವಿದ್ಯಾರ್ಥಿಗೆ ಇಷ್ಟೊಂದು ಸ್ಕೇಲ್ ಅಭ್ಯಾಸ ಬೇಕಾಗುವುದು ಇದಕ್ಕೇ.

ಉಂಗುರದ ಬೆರಳಿನ ಸಂಕಟ

ಈಗ ಕೈಗೆ ಬರೋಣ. ಅಂಗೈಯನ್ನು ಮೇಜಿನ ಮೇಲೆ ಬೋರಲಾಗಿಟ್ಟು ನಡುಬೆರಳನ್ನು ಒಳಕ್ಕೆ ಮಡಚಿ. ಉಳಿದ ಬೆರಳುಗಳ ತುದಿ ಮೇಜಿಗೆ ತಾಗಿರಲಿ. ಹೆಬ್ಬೆರಳು ಎತ್ತಿ, ಏಳುತ್ತದೆ. ತೋರುಬೆರಳು ಏಳುತ್ತದೆ. ಕಿರುಬೆರಳೂ ಏಳುತ್ತದೆ. ಉಂಗುರದ ಬೆರಳು ಮಾತ್ರ ಅಂಟಿಸಿಟ್ಟಂತೆ ಕೂತಿರುತ್ತದೆ. ಮನಸ್ಸು ಎಷ್ಟು ಹೇಳಿದರೂ ಅದಕ್ಕೆ ಕೇಳಿಸದು.

ಕಾರಣ ಮುಂಗೈಯಲ್ಲಿದೆ. ಬೆರಳನ್ನು ಮಡಚಿ ಬಿಡಿಸುವ ಮುಖ್ಯ ಸ್ನಾಯುಗಳು ಬೆರಳಿನಲ್ಲಿಲ್ಲ, ಮೊಣಕೈಗೂ ಮಣಿಕಟ್ಟಿಗೂ ನಡುವೆ ಇವೆ. ಅಲ್ಲಿಂದ ಉದ್ದನೆಯ ಸ್ನಾಯುರಜ್ಜುಗಳು ಬೆರಳುಗಳನ್ನು ಎಳೆಯುತ್ತವೆ. ತೋರುಬೆರಳಿಗೂ ಕಿರುಬೆರಳಿಗೂ ಬಿಡಿಸಿ ಎತ್ತಲು ತಮ್ಮದೇ ಹೆಚ್ಚುವರಿ ಸ್ನಾಯುಗಳಿವೆ. ನಡುಬೆರಳಿಗೂ ಉಂಗುರದ ಬೆರಳಿಗೂ ಸಾಮಾನ್ಯವಾಗಿ ಅವಿಲ್ಲ. ಅಲ್ಲದೆ ಅಂಗೈಯ ಹಿಂಬದಿಯಲ್ಲಿ ಈ ರಜ್ಜುಗಳು ಅಡ್ಡಪಟ್ಟಿಗಳಿಂದ ಒಂದಕ್ಕೊಂದು ಬಿಗಿದಿವೆ. ನಡುಬೆರಳು ಮಡಚಿದರೆ ಉಂಗುರದ ಬೆರಳಿನ ರಜ್ಜು ಸೆಳೆತಕ್ಕೆ ಸಿಗುತ್ತದೆ. ಇದನ್ನು ಯಾವ ವ್ಯಾಯಾಮವೂ ಬಿಡಿಸಲಾರದು. ಬೆರಳುಗಳು ಸಮಾನವಾಗಿ ಹುಟ್ಟಿಲ್ಲ ಎಂಬುದನ್ನು ಒಪ್ಪಿಕೊಂಡು, ಅಸಮಾನ ಬೆರಳುಗಳಿಂದ ಸಮಾನ ಸ್ವರ ಹೊರಡಿಸುವ ಉಪಾಯ ಕಲಿಯಬೇಕು. ಬೆರಳನ್ನು ಬಲವಂತವಾಗಿ ಹಿಗ್ಗಿಸಹೋದರೆ ಕೆಡುಕು. ಸಂಗೀತಕಾರ ರಾಬರ್ಟ್ ಶೂಮನ್ ಯೌವನದಲ್ಲೇ ಬಲಗೈ ಬೆರಳಿನ ತೊಂದರೆಯಿಂದ ಪಿಯಾನೊ ವಾದಕನಾಗುವ ಆಸೆ ಬಿಡಬೇಕಾಯಿತು. ನೋವು ಬಂದ ಕ್ಷಣ ನಿಲ್ಲಿಸುವುದು ಅಭ್ಯಾಸದ ಮೊದಲ ನಿಯಮ.

ಹೆಬ್ಬೆರಳಿನ ಕತೆ ಬೇರೆ. ಕಾರ್ಲ್ ಫಿಲಿಪ್ ಎಮಾನುಯೆಲ್ ಬಾಖ್ 1753ರಲ್ಲಿ ಪ್ರಕಟಿಸಿದ ಕೀಲಿಮಣೆ ಶಿಕ್ಷಣದ ಪುಸ್ತಕದಲ್ಲಿ ತಂದೆ ಯೋಹಾನ್ ಸೆಬಾಸ್ಟಿಯನ್ ಬಾಖ್ ಹೇಳಿದ ಸಂಗತಿಯೊಂದನ್ನು ದಾಖಲಿಸಿದ್ದಾರೆ: ತಂದೆಯ ಎಳವೆಯ ದೊಡ್ಡ ವಾದಕರು ಹೆಬ್ಬೆರಳನ್ನು ದೂರದ ಕೀ ಎಟುಕಿಸಬೇಕಾದಾಗ ಮಾತ್ರ ಬಳಸುತ್ತಿದ್ದರಂತೆ. ಅಂದರೆ ಇಂದು ಮಗು ಮೊದಲ ತಿಂಗಳಲ್ಲಿ ಕಲಿಯುವ ಹೆಬ್ಬೆರಳ ನುಸುಳು ಒಂದು ಕಾಲದ ಹೊಸ ತಂತ್ರಜ್ಞಾನ.

ಮುಂದಿನ ಶತಮಾನದಲ್ಲಿ ಸಂಗೀತಕಾರ ಶೊಪೆನ್ ಇನ್ನೊಂದು ಹೆಜ್ಜೆ ಹೋದ. ಬಿಳಿ ಕೀಗಳಷ್ಟೇ ಇರುವ ಸಿ ಮೇಜರ್ ಓದಲು ಸುಲಭ, ಕೈಗೆ ಅದೇ ಕಷ್ಟ ಎಂದು ಅವನು ಕಂಡುಕೊಂಡಿದ್ದ. ನಡುವಿನ ಮೂರು ಬೆರಳು ಉದ್ದ, ಹೆಬ್ಬೆರಳು ಕಿರುಬೆರಳು ಗಿಡ್ಡ. ಉದ್ದ ಬೆರಳು ಎತ್ತರದ ಕಪ್ಪು ಕೀಗಳ ಮೇಲೆ, ಗಿಡ್ಡ ಬೆರಳು ತಗ್ಗಿನ ಬಿಳಿ ಕೀಗಳ ಮೇಲೆ ಕೂತರೆ ಕೈ ತನ್ನ ಸಹಜ ಆಕಾರದಲ್ಲಿರುತ್ತದೆ. ನಡುಬೆರಳು ಎತ್ತರದಲ್ಲಿದ್ದರೆ ಹೆಬ್ಬೆರಳಿಗೆ ಕೆಳಗೆ ನುಸುಳಲು ಜಾಗವೂ ಸಿಗುತ್ತದೆ. ಹಾಗಾಗಿ ಐದೂ ಕಪ್ಪು ಕೀಗಳಿರುವ ಬಿ ಮೇಜರ್‌ನಿಂದ ಅವನು ಶಿಷ್ಯರಿಗೆ ಪಾಠ ಆರಂಭಿಸುತ್ತಿದ್ದ.

ಕನ್ನಡಿಯಂತೆ ಎರಡು ಕೈ

ಒಂದು ಕೈ ಹಿಡಿತಕ್ಕೆ ಬಂದ ಮೇಲೆ ಎರಡು ಕೈ ಕೂಡಿಸಿದರೆ ಮತ್ತೆ ಎಲ್ಲ ಕಲಸಿಹೋಗುತ್ತದೆ. ಸಿ ಮೇಜರ್ ಏರುವಾಗ ಬಲಗೈ ಹೆಬ್ಬೆರಳು ಮ ಹಿಡಿಯಲು ನುಸುಳುತ್ತದೆ. ಎಡಗೈ ಕಿರುಬೆರಳಿಂದ ಹೊರಟು ಪ ಸ್ವರದಲ್ಲಿ ಹೆಬ್ಬೆರಳಿಗೆ ಬಂದು, ಅದರ ಮೇಲಿಂದ ನಡುಬೆರಳನ್ನು ದಾಟಿಸಿ ದ ಹಿಡಿಯುತ್ತದೆ. ಒಂದು ಕೈ ನುಸುಳುವ ಜಾಗದಲ್ಲಿ ಇನ್ನೊಂದಕ್ಕೆ ಆ ಕೆಲಸವಿಲ್ಲ. ಮಕ್ಕಳು ಎಡವುವುದು ಮ, ಪ, ದಗಳ ನಡುವೆಯೇ.

ಇದರ ಹಿಂದೆ ನರಮಂಡಲದ ಒಂದು ಸ್ವಭಾವವಿದೆ. ಎರಡೂ ತೋರುಬೆರಳುಗಳನ್ನು ಮುಂದೆ ಚಾಚಿ ಕಾರಿನ ವೈಪರಿನಂತೆ ಒಟ್ಟಿಗೆ ಬಲಕ್ಕೆ, ಒಟ್ಟಿಗೆ ಎಡಕ್ಕೆ ಆಡಿಸಿ. ವೇಗ ಹೆಚ್ಚಿಸುತ್ತ ಹೋಗಿ. ಒಂದು ಹಂತದಲ್ಲಿ ನಿಮಗರಿವಿಲ್ಲದೆಯೇ ಬೆರಳುಗಳು ಒಟ್ಟಿಗೆ ಒಳಕ್ಕೆ, ಒಟ್ಟಿಗೆ ಹೊರಕ್ಕೆ ಆಡತೊಡಗುತ್ತವೆ. 1980ರ ದಶಕದಲ್ಲಿ ಸಂಶೋಧಕ ಸ್ಕಾಟ್ ಕೆಲ್ಸೊ ಈ ಪಲ್ಲಟವನ್ನು ಅಳೆದು ತೋರಿಸಿದರು. ಎರಡು ಕೈಗಳ ಸಹಜ ಜೋಡಿ ಕನ್ನಡಿಯ ಜೋಡಿ: ಒಂದೇ ಬೆರಳು, ಒಂದೇ ಹೊತ್ತಿಗೆ, ಎದುರುಬದುರು ದಿಕ್ಕಿಗೆ.

ಈಗ ಕೀಲಿಮಣೆಯನ್ನು ದಿಟ್ಟಿಸಿ ನೋಡಿ. ಎರಡು ಕಪ್ಪು ಕೀಗಳ ಜೋಡಿಯ ನಡುವೆ ಕೂತ ಬಿಳಿ ಕೀ ಡಿ. ಅದರ ಎಡಬಲಗಳು ಅಚ್ಚು ಕನ್ನಡಿಬಿಂಬ: ಪಕ್ಕದಲ್ಲಿ ಕಪ್ಪು, ಬಿಳಿ, ಬಿಳಿ, ಕಪ್ಪು, ಎರಡೂ ಕಡೆ ಒಂದೇ ಸಾಲು. ಕರ್ನಾಟಕ ಸಂಗೀತದವರ ಎರಡು ಮನೆ ಶ್ರುತಿ ಇದೇ ಡಿ. ಸರಳೆ ವರಸೆಗೆ ಪುರಂದರದಾಸರು ಆರಿಸಿಕೊಂಡರೆಂದು ಪರಂಪರೆ ಹೇಳುವ ಮಾಯಾಮಾಳವಗೌಳದ ಹೆಜ್ಜೆಗಳನ್ನು ಎಣಿಸಿ: 1, 3, 1, 2, 1, 3, 1. ಹಿಂದಿನಿಂದ ಓದಿದರೂ ಅಷ್ಟೇ. 15ನೆಯ ಮೇಳವಾದ ಈ ರಾಗದ ಸ್ವರಗಳನ್ನು, ಹಿಂದೂಸ್ತಾನಿಯವರು ಭೈರವ್ ಥಾಟು ಎನ್ನುವುದನ್ನು, ಡಿ ಇಂದ ಹೊರಡಿಸಿದರೆ ಎರಡು ಕನ್ನಡಿಗಳು ಒಂದರ ಮೇಲೊಂದು ಕೂಡುತ್ತವೆ.

ಎರಡೂ ಹೆಬ್ಬೆರಳುಗಳನ್ನು ಡಿ ಮೇಲೆ ಇಡಿ, ಬೇಕಿದ್ದರೆ ಎಡಗೈಗೆ ಒಂದು ಸಪ್ತಕ ಕೆಳಗಿನ ಡಿ ಇರಲಿ. ಬಲಗೈ ಮೇಲಕ್ಕೆ, ಎಡಗೈ ಕೆಳಕ್ಕೆ. ತೋರುಬೆರಳು ಎರಡೂ ಕಡೆ ಕಪ್ಪಿಗೆ. ನಡುಬೆರಳು ಎರಡೂ ಕಡೆ ಕಪ್ಪಿಗೆ. ಎರಡೂ ಹೆಬ್ಬೆರಳು ಒಟ್ಟಿಗೆ ನುಸುಳಿ ಬಿಳಿಗೆ. ತೋರುಬೆರಳು ಬಿಳಿಗೆ, ನಡುಬೆರಳೂ ಉಂಗುರದ ಬೆರಳೂ ಕಪ್ಪಿಗೆ, ಕಿರುಬೆರಳು ಮತ್ತೆ ಡಿಗೆ. ದೂರ, ಬಣ್ಣ, ಬೆರಳು, ಕ್ಷಣ ಎಲ್ಲವೂ ಸರಿಸಮ. ನುಸುಳುವ ಹೊತ್ತಿಗೆ ನಡುಬೆರಳು ಕಪ್ಪು ಕೀಯ ಎತ್ತರದಲ್ಲಿರುವುದರಿಂದ ಶೊಪೆನ್ ಬಯಸಿದ ಅನುಕೂಲವೂ ಒದಗುತ್ತದೆ. ಬಾಯಿಪಾಠವಾಗಿ ಸರಳೆ ವರಸೆ ಬರುವ ಕನ್ನಡದ ಮಗುವಿಗೆ ಎರಡು ಕೈಯ ಮೊದಲ ಪಾಠವಾಗಿ ಇದಕ್ಕಿಂತ ಒಳ್ಳೆಯದು ನನಗೆ ಕಾಣುವುದಿಲ್ಲ. ಸಿ ಮೇಜರ್ ಆಮೇಲೆ ಬರಲಿ.

ಎರಡು ಪದ್ಧತಿ ಒಂದೇ ಕೈಯಲ್ಲಿ ಇರಬಲ್ಲವು ಎಂಬುದಕ್ಕೆ ಮೈಸೂರಿನ ಜಯಚಾಮರಾಜೇಂದ್ರ ಒಡೆಯರೇ ಸಾಕ್ಷಿ. 1919ರಲ್ಲಿ ಹುಟ್ಟಿದ ಅವರು ಮೊದಲು ಪಳಗಿದ್ದು ಪಿಯಾನೊದಲ್ಲಿ. ವೃತ್ತಿ ವಾದಕರಾಗುವ ಆಸೆ ಇತ್ತು. 1940ರಲ್ಲಿ ತಂದೆಯೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ತೀರಿಕೊಂಡು ಪಟ್ಟದ ಹೊಣೆ ಬಂತು. ಆದರೂ ಅಭ್ಯಾಸ ಬಿಡದೆ 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದರು. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್ ತನ್ನ ಮೂರನೆಯ ಪಿಯಾನೊ ಕನ್ಚೆರ್ಟೊವನ್ನು ಅವರಿಗೇ ಅರ್ಪಿಸಿದ. ಅದೇ ಒಡೆಯರು ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದರು.

ಬೆರಳಿಗಿಂತ ಮುಂಚೆ ಓಡುವ ಮಿದುಳು

ಅಮೆರಿಕದ ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲಿ 1951ರಲ್ಲಿ ಒಂದು ಸರಳ ಲೆಕ್ಕವನ್ನು ಮುಂದಿಟ್ಟರು. ನುರಿತ ವಾದಕರ ಬೆರಳು ಸೆಕೆಂಡಿಗೆ 16 ಪೆಟ್ಟುಗಳವರೆಗೆ ಹೋಗಬಲ್ಲದು. ಅಂದರೆ ಎರಡು ಪೆಟ್ಟುಗಳ ನಡುವೆ ಸಿಗುವುದು ಸೆಕೆಂಡಿನ ಹದಿನಾರನೆಯ ಒಂದು ಭಾಗ. ಒಂದು ಕೀ ತಾಗಿದ ಅನುಭವ ಮಿದುಳಿಗೆ ಹೋಗಿ, ಅಲ್ಲಿಂದ ಮುಂದಿನ ಬೆರಳಿಗೆ ಆಜ್ಞೆ ಬರಲು ಅಷ್ಟು ಹೊತ್ತು ಸಾಲದು. ಆದ್ದರಿಂದ ಒಂದು ಸ್ವರ ಮುಂದಿನ ಸ್ವರವನ್ನು ಎಬ್ಬಿಸುತ್ತದೆ ಎಂಬ ವಿವರಣೆ ನಿಲ್ಲುವುದಿಲ್ಲ. ಬೆರಳು ಹೊರಡುವ ಮೊದಲೇ ಮಿದುಳಿನಲ್ಲಿ ಇಡೀ ಸಾಲಿನ ಯೋಜನೆ ತಯಾರಿರಬೇಕು.

ಹೊಸಬರಿಗೆ ಈ ಯೋಜನೆ ಇರುವುದಿಲ್ಲ. ಅವರು ಒಂದೊಂದು ಕೀಯನ್ನೂ ಹುಡುಕಿ ಒತ್ತುತ್ತಾರೆ. ಅಭ್ಯಾಸ ಸಾಗಿದಂತೆ ಬಿಡಿ ಸ್ವರಗಳು ಗುಂಪುಗೂಡುತ್ತವೆ: ಸ ರಿ ಗ ಒಂದು, ಮ ಪ ದ ನಿ ಇನ್ನೊಂದು. ಮಗ್ಗಿ ಒಪ್ಪಿಸುವ ಹುಡುಗ ಏಳು ಎಂಟಲ ಎಷ್ಟೆಂದು ಲೆಕ್ಕ ಮಾಡದೆ ಸಾಲಿನ ಓಘದಲ್ಲೇ ಹೇಳಿಬಿಡುವಂತೆ, ಗುಂಪಿನ ಮೊದಲ ಸ್ವರ ಸಿಕ್ಕರೆ ಉಳಿದವು ತಾವೇ ಬರುತ್ತವೆ. ಗುಂಪಾಗುವಾಗ ತಪ್ಪೂ ಅದರೊಳಗೆ ಸೇರಿ ಗಟ್ಟಿಯಾಗುತ್ತದೆ. ಗುರುಗಳು ನಿಧಾನವಾಗಿ ನುಡಿಸು ಎಂದು ಪದೇ ಪದೇ ಹೇಳುವುದಕ್ಕೆ ಕಾರಣವಿದೆ. ನಿಧಾನದಲ್ಲಿ ತಪ್ಪು ಗುಂಪಿನೊಳಕ್ಕೆ ಹೊಗುವ ಮೊದಲೇ ಸಿಕ್ಕಿಬೀಳುತ್ತದೆ.

1995ರಲ್ಲಿ ಅಲ್ವಾರೊ ಪಾಸ್ಕುಅಲ್-ಲಿಯೋನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ನಮಗೆ ನೇರವಾಗಿ ಸಂಬಂಧಿಸಿದ್ದು. ಪಿಯಾನೊ ಗೊತ್ತಿಲ್ಲದ ವಯಸ್ಕರಿಗೆ ಒಂದು ಕೈಯ ಐದು ಬೆರಳಿನ ಪಾಠ ಕೊಟ್ಟು, ದಿನಕ್ಕೆ ಎರಡು ಗಂಟೆಯಂತೆ ಐದು ದಿನ ಅಭ್ಯಾಸ ಮಾಡಿಸಿದರು. ದಿನದಿನವೂ ಅವರ ಮಿದುಳಿನಲ್ಲಿ ಬೆರಳಿನ ಸ್ನಾಯುಗಳನ್ನು ಆಳುವ ಪ್ರದೇಶ ಹಿಗ್ಗುತ್ತ ಹೋಯಿತು. ಇನ್ನೊಂದು ಗುಂಪು ಕೀಲಿಮಣೆಯ ಎದುರು ಕೂತು, ಬೆರಳಾಡಿಸದೆ, ಅದೇ ಪಾಠವನ್ನು ಮನಸ್ಸಿನಲ್ಲೇ ನುಡಿಸಿತು. ಅವರ ಮಿದುಳಿನಲ್ಲೂ ಹೆಚ್ಚುಕಡಿಮೆ ಅದೇ ಬದಲಾವಣೆ! ಐದನೆಯ ದಿನಕ್ಕೆ ಅವರ ನುಡಿಸಾಣಿಕೆ ಮೊದಲ ಗುಂಪಿನವರ ಮೂರನೆಯ ದಿನದ ಮಟ್ಟ ಮುಟ್ಟಿತ್ತು. ಒಂದೇ ಒಂದು ಅವಧಿ ಕೀ ಒತ್ತಿ ಅಭ್ಯಾಸ ಮಾಡಿದ ಮೇಲೆ ಸರಿಸಾಟಿಯಾದರು. ಅವರೆಲ್ಲ ವಯಸ್ಕರೆಂಬುದನ್ನು ಮರೆಯಬೇಡಿ. ಮಗಳನ್ನು ಪಾಠಕ್ಕೆ ಕಳಿಸಿ ಹೊರಗೆ ಕಾಯುವ ತಾಯಿಯೂ ಕಲಿಯಬಲ್ಲರು.

ಬಿಡುವಿನ ಪಾತ್ರವೂ ಕಡಿಮೆಯದಲ್ಲ. 2002ರಲ್ಲಿ ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರು ಬೆರಳಿನಿಂದ ಒಂದು ಸಾಲನ್ನು ಒತ್ತುವ ಕೆಲಸ ಕಲಿಸಿ ಅಳೆದರು. ಕಲಿತವರು ಒಂದು ರಾತ್ರಿ ನಿದ್ದೆ ಮಾಡಿ ಎದ್ದಾಗ, ಮತ್ತೆ ಅಭ್ಯಾಸ ಮಾಡದಿದ್ದರೂ, ವೇಗ ಸುಮಾರು ಶೇಕಡಾ 20ರಷ್ಟು ಏರಿತ್ತು. ಅಷ್ಟೇ ಹೊತ್ತು ಎಚ್ಚರವಿದ್ದವರಲ್ಲಿ ಅಂಥ ಏರಿಕೆ ಕಾಣಲಿಲ್ಲ. 2019ರಲ್ಲಿ ಮಾರ್ಲೆನೆ ಬೋನ್‌ಸ್ಟ್ರುಪ್ ಮತ್ತು ಸಂಗಡಿಗರು ಇನ್ನೂ ಸೂಕ್ಷ್ಮವಾಗಿ ನೋಡಿದರು. 10 ಸೆಕೆಂಡು ಅಭ್ಯಾಸ, 10 ಸೆಕೆಂಡು ಬಿಡುವು ಎಂಬ ಕ್ರಮದಲ್ಲಿ ಆರಂಭದ ಪ್ರಗತಿ ಹೆಚ್ಚಾಗಿ ಕಂಡದ್ದು ಬಿಡುವಿನ ಆಚೆಬದಿಯಲ್ಲಿ. ಇದು ಬಿಡುವಿನಲ್ಲೇ ನಡೆದ ಕಲಿಕೆಯೋ, ದಣಿವು ಆರಿದ್ದರ ಫಲವೋ ಎಂಬ ಚರ್ಚೆ ವಿಜ್ಞಾನಿಗಳ ನಡುವೆ ನಡೆದಿದೆ. ಎರಡರಲ್ಲಿ ಯಾವುದಾದರೂ ವಿದ್ಯಾರ್ಥಿಗೆ ಸಿಗುವ ಸಲಹೆ ಒಂದೇ: ಒಂದು ಸುತ್ತು ನುಡಿಸಿ, ಕೈ ತೊಡೆಯ ಮೇಲಿಟ್ಟು, ಉಸಿರು ಬಿಟ್ಟು, ಆಮೇಲೆ ಇನ್ನೊಂದು ಸುತ್ತು.

ಮನೆಯ ಅಭ್ಯಾಸ

ಸುಲ್ತಾನ್ ಬಜಾರಿನ ಮನೆಗೆ ಇವನ್ನೆಲ್ಲ ತರೋಣ. ಅಂಗಡಿಗಳ ಬಾಗಿಲು ತೆರೆಯುವ ಮುನ್ನ ಬೆಳಗ್ಗೆ ಹತ್ತು ನಿಮಿಷ, ರಾತ್ರಿ ಮಲಗುವ ಮುನ್ನ ಹತ್ತು ನಿಮಿಷ. ಭಾನುವಾರ ಒಟ್ಟಿಗೆ ಎರಡು ಗಂಟೆ ಕೂರುವುದಕ್ಕಿಂತ ಇದು ಲೇಸು. ನಡುವೆ ಬಂದುಹೋಗುವ ಪ್ರತಿ ರಾತ್ರಿಯೂ ತನ್ನ ಪಾಲಿನ ಕೆಲಸ ಮಾಡುತ್ತದೆ.

ಹೊರಗಿನ ಸದ್ದಿಗೆ ಹೆಡ್‌ಫೋನ್ ಹಾಕಿಕೊಳ್ಳುವವರು ತಂತಿಯದನ್ನೇ ಹಾಕಲಿ. ತನ್ನ ಸ್ವರ ತಡವಾಗಿ ಕಿವಿಗೆ ಬಿದ್ದರೆ ನುರಿತ ವಾದಕರ ಕೈಯೂ ತೊಡರುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಬ್ಲೂಟೂತ್ ಹೆಡ್‌ಫೋನುಗಳಲ್ಲಿ ಸದ್ದು ಸೆಕೆಂಡಿನ ಹತ್ತನೆಯ ಒಂದು ಭಾಗ, ಕೆಲವೊಮ್ಮೆ ಅದಕ್ಕೂ ಹೆಚ್ಚು ತಡವಾಗಬಲ್ಲದು. ಸಿನಿಮಾ ಹಾಡು ಕೇಳಲು ಅಡ್ಡಿಯಿಲ್ಲ, ಸ್ಕೇಲ್ ನುಡಿಸಲು ಅಡ್ಡಿ. ಇದಕ್ಕೆ ಪ್ರತಿಯಾಗಿ, ಸದ್ದನ್ನು ಪೂರ್ತಿ ಆರಿಸಿದರೆ ಚೆನ್ನಾಗಿ ಕಲಿತವರ ಕೈ ಹೆಚ್ಚು ಕೆಡುವುದಿಲ್ಲ. ಬಜಾರಿನ ಗಲಾಟೆ ಜೋರಿರುವ ಸಂಜೆ ಕೀಬೋರ್ಡ್ ಆರಿಸಿ, ಬಾಯಲ್ಲಿ ಸ್ವರ ಹೇಳುತ್ತ ಬೆರಳಾಡಿಸಬಹುದು. ಬೆರಳನ್ನೂ ಆಡಿಸದೆ ಮನಸ್ಸಿನಲ್ಲೇ ನುಡಿಸಬಹುದು. ಎರಡೂ ಅಭ್ಯಾಸವೇ.

ವೇಗಕ್ಕೆ ನಮ್ಮ ಮೂರು ಕಾಲಗಳ ಕ್ರಮವೇ ಚೆನ್ನ. ಮೆಟ್ರೊನೋಮನ್ನು 60ಕ್ಕೆ ಇಟ್ಟು ಬಡಿತಕ್ಕೊಂದು ಸ್ವರ, ಆಮೇಲೆ ಎರಡು, ಆಮೇಲೆ ನಾಲ್ಕು. ಮೊದಲ ಕಾಲದಲ್ಲಿ ಪ್ರತಿ ಸ್ವರವನ್ನೂ ಯೋಚಿಸಿ ಒತ್ತಲು ಸಮಯವಿದೆ. ಮೂರನೆಯ ಕಾಲದಲ್ಲಿ ಗುಂಪಾಗದೆ ಗತಿಯಿಲ್ಲ. ಎಲ್ಲಿ ಗುಂಪು ಕಟ್ಟಿಲ್ಲವೋ ಅಲ್ಲಿ ಕೈ ತಡವರಿಸುತ್ತದೆ. ಆ ಎರಡು ಮೂರು ಸ್ವರಗಳನ್ನಷ್ಟೇ ಬಿಡಿಸಿ, ಮತ್ತೆ ಮೊದಲ ಕಾಲಕ್ಕೆ ಹೋಗಿ ತಿದ್ದಬೇಕು. ಸರಾಗವಾಗಿ ಬರುವ ಭಾಗವನ್ನೇ ಮತ್ತೆ ಮತ್ತೆ ನುಡಿಸುವುದರಿಂದ ಸಿಗುವುದು ಸಂತೋಷ ಮಾತ್ರ.

ಒಂದೇ ಸ್ಕೇಲನ್ನು ಇಪ್ಪತ್ತು ಸಲ ತಿರುಗಿಸುವ ಬದಲು ಮೂರು ಸ್ಕೇಲುಗಳನ್ನು ಬೆರೆಸಿ ನುಡಿಸಿ. 1979ರಲ್ಲಿ ಜಾನ್ ಶೇ ಮತ್ತು ರಾಬಿನ್ ಮಾರ್ಗನ್ ಕೈಚಲನೆಯ ಮೂರು ಕೆಲಸಗಳನ್ನು ಎರಡು ಗುಂಪಿಗೆ ಕಲಿಸಿದರು. ಒಂದೊಂದನ್ನೇ ಸಾಲಾಗಿ ಮುಗಿಸಿದ ಗುಂಪು ಅಭ್ಯಾಸದ ಹೊತ್ತಿನಲ್ಲಿ ಚುರುಕಾಗಿತ್ತು. ಕಲಸಿಕೊಂಡು ಕಲಿತ ಗುಂಪು ಆಗ ತಡವರಿಸಿತು, ಆದರೆ ದಿನಗಳ ನಂತರ ನೆನಪಿನ ಪರೀಕ್ಷೆಯಲ್ಲಿ ಅದೇ ಮುಂದಿತ್ತು. ಪ್ರತಿ ಸಲವೂ ಯೋಜನೆಯನ್ನು ಹೊಸದಾಗಿ ಕಟ್ಟಬೇಕಾಗುವುದರಿಂದ ಅದು ಗಟ್ಟಿಯಾಗುತ್ತದೆ. ಅಭ್ಯಾಸದ ದಿನ ಕೈ ತೊಡರಿತೆಂದು ಮಗು ಸಪ್ಪೆಯಾದರೆ ಈ ಮಾತನ್ನು ಹೇಳಿ ಸಮಾಧಾನ ಮಾಡಿ.

ಕೊನೆಯದಾಗಿ, ಏನನ್ನು ಕೇಳಿಸಿಕೊಳ್ಳಬೇಕು? ನಿಜವಾದ ಪಿಯಾನೊ ಸಿಕ್ಕಾಗ ಒಂದು ಕೀಯನ್ನು ಬಹಳ ನಿಧಾನವಾಗಿ ಒತ್ತಿ ನೋಡಿ. ಸುಮಾರು ಒಂದು ಸೆಂಟಿಮೀಟರ್ ಆಳದ ಆ ದಾರಿಯಲ್ಲಿ ತಳ ಮುಟ್ಟುವ ಮುನ್ನ ಒಂದು ಸಣ್ಣ ತಡೆ ಬೆರಳಿಗೆ ತಿಳಿಯುತ್ತದೆ, ಸ್ವರ ಮಾತ್ರ ಬರುವುದಿಲ್ಲ. ಸುತ್ತಿಗೆ ಕೀಯಿಂದ ಕಳಚಿಕೊಳ್ಳುವ ಜಾಗ ಅದು. ತಂತಿಗೆ ಬಡಿಯುವ ಹೊತ್ತಿಗೆ ಸುತ್ತಿಗೆ ಯಾರ ಹಿಡಿತದಲ್ಲೂ ಇಲ್ಲದೆ ಹಾರುತ್ತಿರುತ್ತದೆ. ಫ್ಲಾರೆನ್ಸಿನ ಬಾರ್ತೊಲೊಮಿಯೊ ಕ್ರಿಸ್ತೊಫೊರಿ 1700ರ ಸುಮಾರಿಗೆ ಕಟ್ಟಿದ ಈ ಯಂತ್ರದಲ್ಲಿ ಬೆರಳು ಸುತ್ತಿಗೆಗೆ ಕೊಡಬಹುದಾದದ್ದು ವೇಗವೊಂದನ್ನೇ. ಆ ವೇಗವೇ ಸ್ವರದ ಜೋರು ಮೆದು. ಎಲೆಕ್ಟ್ರಾನಿಕ್ ಕೀಬೋರ್ಡಿಗೂ ಇದೇ ತತ್ವ. ಸ್ಪರ್ಶಕ್ಕೆ ಸ್ಪಂದಿಸುವ ಮಾದರಿಗಳಲ್ಲಿ ಕೀಯ ಕೆಳಗೆ ಎರಡು ಸಂಪರ್ಕಬಿಂದುಗಳಿದ್ದು, ಮೊದಲನೆಯದರಿಂದ ಎರಡನೆಯದಕ್ಕೆ ಇಳಿಯಲು ಹಿಡಿದ ಸಮಯದಿಂದ ವೇಗವನ್ನು ಅಳೆಯುತ್ತಾರೆ. ಕೊಳ್ಳುವಾಗ ಈ ಸೌಲಭ್ಯವಿದೆಯೇ ಎಂದು ಕೇಳಿ ಕೊಳ್ಳಿ. ಅದಿಲ್ಲದ ಕೀಬೋರ್ಡು ಎಲ್ಲ ಬೆರಳನ್ನೂ ಸಮನಾಗಿ ಕೇಳಿಸಿ ಕಿವಿಗೆ ಮೋಸ ಮಾಡುತ್ತದೆ.

ಸ್ಕೇಲ್ ಅಭ್ಯಾಸದ ಗುರಿ ಅಲ್ಲಿದೆ. ಭಾರದ ಹೆಬ್ಬೆರಳು, ಸ್ವಾತಂತ್ರ್ಯವಿಲ್ಲದ ಉಂಗುರದ ಬೆರಳು, ಗಿಡ್ಡ ಕಿರುಬೆರಳು ಮೂರೂ ಒಂದೇ ವೇಗ ಕೊಡಬೇಕು, ಒಂದೇ ಅಂತರದಲ್ಲಿ ಕೊಡಬೇಕು. ಹೆಬ್ಬೆರಳು ನುಸುಳಿದ ಜಾಗ ಕೇಳುವವರಿಗೆ ಗೊತ್ತಾಗಬಾರದು. ಈ ಸಮತೆ ಕೈಗೆ ಬಂದ ದಿನ ಗಮನ ಬೆರಳಿಂದ ಬಿಡುಗಡೆಯಾಗಿ ಸಂಗೀತದ ಕಡೆ ತಿರುಗುತ್ತದೆ. ಆದ್ದರಿಂದ ತಂದೆತಾಯಿಯರು ಮಕ್ಕಳನ್ನು ಎಷ್ಟು ಹೊತ್ತು ನುಡಿಸಿದೆ ಎಂದು ಕೇಳುವುದನ್ನು ಬಿಡಲಿ. ಪಕ್ಕದಲ್ಲಿ ಕೂತು ಒಂದು ಸುತ್ತು ಕಣ್ಣು ಮುಚ್ಚಿ ಕೇಳಲಿ. ಹೆಬ್ಬೆರಳು ಮ ಹಿಡಿದದ್ದು ಗೊತ್ತಾಯಿತೇ ಇಲ್ಲವೇ ಎಂಬುದನ್ನು ಮಗುವಿಗೆ ಹೇಳಲಿ. ಆ ಒಂದು ಮಾತಿನಿಂದ ನಾಳೆಯ ಅಭ್ಯಾಸ ಎಲ್ಲಿಂದ ಶುರುವಾಗಬೇಕೆಂದು ಮಗುವಿಗೆ ತಿಳಿಯುತ್ತದೆ.